ಚೀಲದೊಳಗಿನ ನೋಟ್ಸ್, ಎದೆಯೊಳಗಿನ ವಿದ್ಯೆ

(ಚಿಕ್ಕೋಡಿ ಭಾಗದ ಪೋಷಕರು ಮತ್ತು ಪ್ರೌಢಶಾಲಾ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಪರೀಕ್ಷೆ ಸಮೀಪಿಸುತ್ತಿದ್ದಂತೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಯಾವ ಪೇಟೆಗೆ ಹೋದರೂ ಜೆರಾಕ್ಸ್ ಅಂಗಡಿಗಳ ಮುಂದೆ ವಿದ್ಯಾರ್ಥಿಗಳ ಸಾಲು ಕಾಣುತ್ತದೆ. ಗಣಿತದ ನೋಟ್ಸ್, ವಿಜ್ಞಾನದ ನೋಟ್ಸ್, ಸಮಾಜ ವಿಜ್ಞಾನದ ಒಂದು ಅಂಕದ ಪ್ರಶ್ನೋತ್ತರ, ಪಾಸಿಂಗ್ ಪ್ಯಾಕೇಜ್ ಹೀಗೆ ಕಟ್ಟುಕಟ್ಟಾಗಿ ಕಾಗದ ಮನೆ ಸೇರುತ್ತದೆ. ಮೊಬೈಲ್‌ಗಳಲ್ಲಂತೂ ಹತ್ತಾರು ಪಿಡಿಎಫ್‌ಗಳು ಕೈಯಿಂದ ಕೈಗೆ ಹರಿದಾಡುತ್ತವೆ. "ಎಲ್ಲ ವಿಷಯದ ನೋಟ್ಸ್ ತಂದುಕೊಟ್ಟಿದ್ದೇವೆ, ಇನ್ನು ಓದುವುದು ಮಗುವಿಗೆ ಬಿಟ್ಟದ್ದು" ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ನಮ್ಮ ಹೊಣೆ ಅಷ್ಟಕ್ಕೇ ಮುಗಿಯಿತೇ ಎಂಬ ಪ್ರಶ್ನೆಯನ್ನು ಇಂದು ನಾವು ನಮಗೇ ಕೇಳಿಕೊಳ್ಳಬೇಕಾಗಿದೆ.

ಇತ್ತೀಚೆಗೆ ನಾವು ಒಂದು ಮನೆಗೆ ಹೋಗಿದ್ದೆವು. ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮಗಳ ಚೀಲ ಅಚ್ಚುಕಟ್ಟಾಗಿತ್ತು. ಪ್ರತಿ ವಿಷಯಕ್ಕೂ ಬೇರೆ ಬೇರೆ ನೋಟ್ಸ್ ಇದ್ದವು. ವಿಜ್ಞಾನದ ಹಾಳೆಯಲ್ಲಿ 'ದ್ಯುತಿಸಂಶ್ಲೇಷಣೆ' ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆಯಲಾಗಿತ್ತು. ಅದರ ವ್ಯಾಖ್ಯೆಯನ್ನು ಅವಳು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. "ಇದನ್ನೇ ನಿಮ್ಮ ಅಮ್ಮನಿಗೆ ಅರ್ಥವಾಗುವಂತೆ ಮನೆ ಮಾತಿನಲ್ಲಿ ಹೇಳು ಮಗಳೇ" ಎಂದಾಗ ಅವಳು ತಲೆ ತಗ್ಗಿಸಿದಳು. ಅಂಗಳದ ಬೇವಿನ ಮರವು ಬಿಸಿಲಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತಿದೆ ಎಂಬುದೇ ಆ ಪದದ ಅರ್ಥವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಪ್ಪು ಆ ಮಗುವಿನದ್ದಲ್ಲ. ಕಾಗದ ಕೊಟ್ಟು ಅರ್ಥ ಕೊಡದ ನಮ್ಮೆಲ್ಲರದ್ದು.

ಇಲ್ಲಿ ಇಮಾಮ್ ಗಝ್ಝಾಲಿಯವರ (1058-1111) ಕುರಿತು ಹೇಳಲಾಗುವ ಒಂದು ಘಟನೆ ನೆನಪಾಗುತ್ತದೆ. ಯುವಕರಾಗಿದ್ದಾಗ ಅವರು ಜುರ್ಜಾನ್‌ಗೆ ಹೋಗಿ, ಗುರುಗಳ ಪಾಠವನ್ನು ಬರೆದುಕೊಂಡು ತಮ್ಮ ಊರಾದ ತೂಸ್‌ಗೆ ಮರಳುತ್ತಿದ್ದರು. ದಾರಿಯಲ್ಲಿ ದರೋಡೆಕೋರರು ಎಲ್ಲವನ್ನೂ ದೋಚಿದರು. ಬೇರೆಲ್ಲ ಹೋಗಲಿ, ಆ ಟಿಪ್ಪಣಿಗಳನ್ನಾದರೂ ಹಿಂದಿರುಗಿಸಿರೆಂದು ಗಝ್ಝಾಲಿಯವರು ಅವರ ಬೆನ್ನು ಹತ್ತಿ ಬೇಡಿಕೊಂಡರು. ದರೋಡೆಕೋರರ ನಾಯಕ ನಕ್ಕನಂತೆ. ಕಾಗದ ಕಿತ್ತುಕೊಂಡ ಮಾತ್ರಕ್ಕೆ ಕಳೆದುಹೋಗುವ ವಿದ್ಯೆಯನ್ನು ನೀನು ನಿನ್ನದೆಂದು ಹೇಗೆ ಹೇಳುತ್ತೀ ಎಂಬುದು ಅವನ ಪ್ರಶ್ನೆಯಾಗಿತ್ತು. ಟಿಪ್ಪಣಿಗಳು ಮರಳಿ ದೊರೆತವು. ಆದರೆ ಆ ಮಾತು ಅವರನ್ನು ಬಿಡಲಿಲ್ಲ. ಊರಿಗೆ ಬಂದ ಬಳಿಕ ಮೂರು ವರ್ಷ ಕುಳಿತು, ಬರೆದುದೆಲ್ಲವನ್ನೂ ತಮ್ಮದಾಗಿಸಿಕೊಂಡರು ಎನ್ನಲಾಗುತ್ತದೆ.

ನಮ್ಮ ಭಾಗದವರಿಗೆ ಈ ಕಥೆ ದೂರದ್ದೇನೂ ಅಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಹರಿದಾಗ ದಂಡೆಯ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಕಾಳಿನ ಚೀಲದೊಂದಿಗೆ ಮಕ್ಕಳ ಪುಸ್ತಕದ ಚೀಲವೂ ನೀರು ಪಾಲಾಯಿತು. ಅಂದು ಕಾಳಜಿ ಕೇಂದ್ರದಲ್ಲಿ ಕುಳಿತ ಮಗುವಿನ ಬಳಿ ಉಳಿದದ್ದು, ನೆರೆಗೂ ಮುನ್ನ ಅದರ ಮನಸ್ಸಿನೊಳಗೆ ಇಳಿದಿದ್ದ ಪಾಠ ಮಾತ್ರ.

ಹಾಗೆಂದು ನೋಟ್ಸ್ ಬೇಡವೆಂದು ನಾವು ಹೇಳುತ್ತಿಲ್ಲ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಅನೇಕ ಶಿಕ್ಷಕರು ರಾತ್ರಿ ನಿದ್ದೆಗೆಟ್ಟು ಅವುಗಳನ್ನು ಸಿದ್ಧಪಡಿಸುತ್ತಾರೆ; ಆ ಶ್ರಮಕ್ಕೆ ಸಮುದಾಯ ಕೃತಜ್ಞವಾಗಿರಬೇಕು. ಪಾಸಿಂಗ್ ಪ್ಯಾಕೇಜ್ ಎಂಬುದು ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ದಡ ಸೇರಿಸಲು ಕಟ್ಟಿದ ತೆಪ್ಪ. ಈಜು ಬಲ್ಲ ಮಗುವನ್ನೂ ಆ ತೆಪ್ಪದ ಮೇಲೆಯೇ ಕೂರಿಸಿದರೆ ಅದು ಈಜುವುದನ್ನೇ ಮರೆತುಬಿಡುತ್ತದೆ.

ಈ ಐದು ತಾಲ್ಲೂಕುಗಳ ಜೊತೆ ಹುಕ್ಕೇರಿ, ಗೋಕಾಕ, ಮೂಡಲಗಿಗಳನ್ನೂ ಒಳಗೊಂಡ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯು 2018ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ, ಉತ್ತರ ಕನ್ನಡಗಳ ನಂತರ ರಾಜ್ಯಕ್ಕೆ ಮೂರನೆಯ ಸ್ಥಾನ ಪಡೆದಿತ್ತು. ನಮ್ಮ ಮಕ್ಕಳಿಗೆ ಶಕ್ತಿಯಿಲ್ಲ ಎನ್ನುವವರಿಗೆ ಇದೇ ಉತ್ತರ. ಆದರೆ ಕಾಲ ಬದಲಾಗಿದೆ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ನಿಗಾ ಬಂದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿದ ಬಳಿಕವೂ, ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಕೃಪಾಂಕವಿಲ್ಲದ 2025ರಲ್ಲಿ ಅದು ಶೇ. 62.34 ಆಯಿತು. ಪಕ್ಕದವನ ಹಾಳೆಯಾಗಲಿ, ಅರ್ಥವಾಗದೆ ಬಾಯಿಪಾಠ ಮಾಡಿದ ಸಾಲಾಗಲಿ ಇನ್ನು ಕೈ ಹಿಡಿಯಲಾರದು ಎಂಬುದೇ ಈ ಅಂಕಿಗಳು ನಮಗೆ ಹೇಳುವ ಪಾಠ.

ನಮ್ಮ ಮಕ್ಕಳಿಗೆ ಇನ್ನೊಂದು ವಿಶೇಷ ಕಷ್ಟವಿದೆ. ಅದು ಭಾಷೆಯದ್ದು. ಈ ಗಡಿ ಭಾಗದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬೀದಿಯಲ್ಲಿ ಕೇಳಿಸುತ್ತವೆ, ಮೂರರಲ್ಲೂ ಶಾಲೆಗಳಿವೆ. ಏಳನೆಯ ತರಗತಿಯ ವರೆಗೆ ಉರ್ದುವಿನಲ್ಲಿ ಓದಿದ ಮಗು, ಸಮೀಪದಲ್ಲಿ ಉರ್ದು ಪ್ರೌಢಶಾಲೆ ಇಲ್ಲದೆ ಎಂಟನೆಯ ತರಗತಿಗೆ ಕನ್ನಡ ಮಾಧ್ಯಮಕ್ಕೆ ಬರುತ್ತದೆ. ನಿನ್ನೆಯ ವರೆಗೆ 'ಮುಸಲ್ಲಸ್' ಆಗಿದ್ದುದು ಇಂದು 'ತ್ರಿಭುಜ'ವಾಗುತ್ತದೆ. 'ದಾಯಿರಾ' ಎಂಬುದು 'ವೃತ್ತ'ವಾಗುತ್ತದೆ. 'ಜಿಯಾಯಿ ತಾಲೀಫ್' ಎಂಬುದು 'ದ್ಯುತಿಸಂಶ್ಲೇಷಣೆ'ಯಾಗುತ್ತದೆ. ಮರಾಠಿ ಶಾಲೆಯಿಂದ ಬಂದ ಪಕ್ಕದ ಬೆಂಚಿನ ಮಗುವಿಗೆ ಅವೇ 'ತ್ರಿಕೋಣ', 'ವರ್ತುಳ', 'ಪ್ರಕಾಶ ಸಂಶ್ಲೇಷಣ'. ಗಣಿತ ಬಾರದೆ ಅಲ್ಲ, ಗಣಿತದ ಹೆಸರುಗಳು ತಿಳಿಯದೆ ಮಗು ಹಿಂದೆ ಬೀಳುತ್ತದೆ. ಆ ಅವಮಾನ ಸಹಿಸಲಾರದೆ ಶಾಲೆ ಬಿಟ್ಟವರು ನಮ್ಮ ಬೀದಿಗಳಲ್ಲಿ ಎಷ್ಟು ಮಂದಿ ಇದ್ದಾರೆಂದು ಒಮ್ಮೆ ಎಣಿಸಿ ನೋಡಿ.

ಆದ್ದರಿಂದ ನಮ್ಮ ಮಗು ಬರೆಯಬೇಕಾದ ಮೊದಲ ನೋಟ್ಸ್ ಯಾವುದೆಂದರೆ ಪದಗಳ ಪಟ್ಟಿ. ನೂರು ಪುಟದ ಒಂದು ಪುಸ್ತಕ ಸಾಕು. ಎಡಗಡೆ ಹೊಸ ಮಾಧ್ಯಮದ ಪದ, ನಡುವೆ ಹಳೆಯ ಮಾಧ್ಯಮದ ಪದ, ಬಲಗಡೆ ಮನೆ ಮಾತಿನಲ್ಲಿ ಅರ್ಥ. ದಿನಕ್ಕೆ ಐದೇ ಪದ. ಪಠ್ಯಪುಸ್ತಕ ಸಂಘವು ಪುಸ್ತಕಗಳನ್ನು ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಪ್ರಕಟಿಸುತ್ತದೆ, ಅಂತರ್ಜಾಲದಲ್ಲಿಯೂ ಉಚಿತವಾಗಿ ಒದಗಿಸುತ್ತದೆ. ಎರಡು ಮಾಧ್ಯಮಗಳ ಒಂದೇ ಪಾಠವನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಪಟ್ಟಿ ತಾನಾಗಿಯೇ ಬೆಳೆಯುತ್ತದೆ.

ಇನ್ನು ಒಂದೊಂದು ವಿಷಯಕ್ಕೂ ನೋಟ್ಸ್ ಬರೆಯುವ ಕ್ರಮ ಬೇರೆ. ಗಣಿತಕ್ಕೆ ಸೂತ್ರಗಳ ಒಂದು ಹಾಳೆ ಮತ್ತು ತಪ್ಪುಗಳ ಒಂದು ಪುಸ್ತಕ ಬೇಕು. ತಪ್ಪಾದ ಲೆಕ್ಕವನ್ನು ಅಳಿಸಬೇಡಿ. ಎಲ್ಲಿ ತಪ್ಪಿತೆಂದು ಪಕ್ಕದಲ್ಲಿ ಒಂದು ಸಾಲು ಬರೆಯಿರಿ. ಮೂರನೆಯ ಬಾರಿ ಅದೇ ತಪ್ಪು ಕಂಡಾಗ ಕೊರತೆ ಎಲ್ಲಿದೆಯೆಂದು ನಿಮಗೇ ತಿಳಿಯುತ್ತದೆ. ವಿಜ್ಞಾನದಲ್ಲಿ ಮಾನವನ ಹೃದಯ, ಕಣ್ಣು, ವಿದ್ಯುನ್ಮಂಡಲಗಳ ಚಿತ್ರವನ್ನು ಪುಸ್ತಕ ಮುಚ್ಚಿ ಬರೆದು, ಭಾಗಗಳ ಹೆಸರು ಗುರುತಿಸಿ, ಅನಂತರ ಪುಸ್ತಕ ತೆರೆದು ಹೋಲಿಸಬೇಕು. ರಾಸಾಯನಿಕ ಸಮೀಕರಣವನ್ನು ನೋಡಿ ಕಲಿಯುವುದಲ್ಲ, ಎರಡೂ ಬದಿಯ ಪರಮಾಣುಗಳನ್ನು ಎಣಿಸಿ ಸರಿದೂಗಿಸಿ ಕಲಿಯಬೇಕು.

ಸಮಾಜ ವಿಜ್ಞಾನದಲ್ಲಿ ಇಸವಿಗಳ ಪಟ್ಟಿಯಷ್ಟೇ ಸಾಲದು, 'ಏಕೆ?' ಎಂಬ ಪ್ರಶ್ನೆ ಬೇಕು. 1824ರಲ್ಲಿ ಕಿತ್ತೂರಿನಲ್ಲಿ ಯುದ್ಧ ನಡೆಯಿತು ಎಂದಿಷ್ಟೇ ಬರೆದುಕೊಂಡ ಮಗು ಮರುದಿನ ಮರೆಯುತ್ತದೆ. ದತ್ತುಪುತ್ರ ಶಿವಲಿಂಗಪ್ಪನ ಹಕ್ಕನ್ನು ಬ್ರಿಟಿಷರು ಒಪ್ಪಲಿಲ್ಲ. ಆದ್ದರಿಂದ ರಾಣಿ ಚೆನ್ನಮ್ಮ ಎದುರು ನಿಂತರು. ಆ ಯುದ್ಧದಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದನು ಎಂದು ಕಾರಣ ಮತ್ತು ಪರಿಣಾಮಗಳನ್ನು ಸರಪಳಿಯಾಗಿ ಬರೆದವನು ಮರೆಯಲಾರ. ಭೂಗೋಳವಂತೂ ನಮ್ಮ ಮನೆ ಬಾಗಿಲಲ್ಲೇ ಇದೆ. ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆಗೆ ಕರಾಡದಲ್ಲಿ ಕೊಯ್ನಾ ಸೇರುತ್ತದೆ. ಅಲ್ಲಿ ಘಟ್ಟದ ಮೇಲೆ ಮಳೆ ಸುರಿದರೆ ಇಲ್ಲಿ ಆಕಾಶ ತಿಳಿಯಾಗಿದ್ದರೂ ನೆರೆ ಬರುತ್ತದೆ. ಈ ನಕ್ಷೆಯನ್ನು ಬರೆಯಬಲ್ಲ ಮಗು ನದಿಗಳ ಪಾಠವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಭಾಷಾ ವಿಷಯಗಳನ್ನು ಕಡೆಗಣಿಸುವುದು ನಮ್ಮ ದೊಡ್ಡ ತಪ್ಪು. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಎರಡು ಭಾಷೆಗಳಿಗೆ ತಲಾ 100. ಅಂದರೆ ಅರ್ಧಕ್ಕಿಂತ ಹೆಚ್ಚು ಭಾಷೆಗಳದ್ದೇ. ಪತ್ರ ಲೇಖನ, ಪ್ರಬಂಧ ಮತ್ತು ವ್ಯಾಕರಣಗಳನ್ನು ವಾರಕ್ಕೊಮ್ಮೆ ಸ್ವಂತ ವಾಕ್ಯಗಳಲ್ಲಿ ಬರೆದು ಶಿಕ್ಷಕರಿಗೆ ತೋರಿಸಿರಿ. ಗೈಡ್‌ನ ಪ್ರಬಂಧವನ್ನು ಅಕ್ಷರಶಃ ಇಳಿಸಿದ ಉತ್ತರ ಯಾರದೆಂದು ಮೌಲ್ಯಮಾಪಕರಿಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ.

ತಾಯಂದಿರೇ, ಹಿರಿಯರೇ, ಇನ್ನು ನಿಮ್ಮೊಡನೆ ಎರಡು ಮಾತು. ನೋಟ್ಸ್ ಬರೆಯಲು ಪೆನ್ನಿನಷ್ಟೇ ಬಿಡುವೂ ಬೇಕು. ನಿಪ್ಪಾಣಿಯ ಬೀಡಿ ಕಟ್ಟುವ ಮನೆಗಳಲ್ಲಿ ಸಂಜೆಯಾದರೆ ಮಗಳ ಮಡಿಲಲ್ಲೂ ಮೊರ ಬರುತ್ತದೆ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಎಣಿಸುವ ಮನೆಯ ಬಡತನವನ್ನು ನಾವು ಬಲ್ಲೆವು, ಅದನ್ನು ದೂಷಿಸಲು ನಾವು ಬಂದಿಲ್ಲ. ಆದರೆ ಒಂದೇ ಮನೆಯಲ್ಲಿ ಮಗನನ್ನು ಟ್ಯೂಷನ್‌ಗೆ ಕಳಿಸಿ, ಮಗಳನ್ನು ಮೊರದ ಮುಂದೆ ಕೂರಿಸುವುದು ನ್ಯಾಯವಲ್ಲ. ಎಂಟನೆಯ ತರಗತಿಗೇ ಮಗಳ ಓದು ನಿಲ್ಲಿಸುವ ತಂದೆ, ನಾಳೆ ಹುಟ್ಟುವ ಮೊಮ್ಮಕ್ಕಳ ಮೊದಲ ಗುರುವನ್ನೇ ಶಾಲೆಯಿಂದ ಬಿಡಿಸುತ್ತಾನೆ. ದಿನಕ್ಕೆ ಎರಡು ಗಂಟೆ ಟಿವಿ ಮತ್ತು ಮೊಬೈಲ್ ಎರಡೂ ಮೌನವಾಗಿರಲಿ. ಆ ಎರಡು ಗಂಟೆ ಮಗಳಿಗೂ ಸಿಗಲಿ.

ಸರಕಾರಗಳ ಹೊಣೆಯನ್ನೂ ನಾವು ಮರೆಯುವಂತಿಲ್ಲ. ಆರರಿಂದ ಹದಿನಾಲ್ಕು ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ನಾಲ್ಕನೆಯ ಒಂದು ಭಾಗ ಶಾಲೆಯ ಮುಖವನ್ನೇ ನೋಡಿಲ್ಲ ಅಥವಾ ನಡುವೆ ಬಿಟ್ಟಿದೆ ಎಂದು ಸಾಚಾರ್ ಸಮಿತಿ 2006ರಲ್ಲಿ ವರದಿ ನೀಡಿತು. ಆ ಬಳಿಕ ಬಂದ ಅಲ್ಪಸಂಖ್ಯಾತರ ಪ್ರೀ-ಮೆಟ್ರಿಕ್ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರವು 2022ರಲ್ಲಿ ಒಂದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ನಿಲ್ಲಿಸಿತು. ಇದನ್ನು ಪ್ರಶ್ನಿಸುವುದು ನಮ್ಮ ಹಕ್ಕು. ಅದರ ಜೊತೆಗೆ, ಇರುವ ಅವಕಾಶವನ್ನು ಬಳಸುವುದು ನಮ್ಮ ಕರ್ತವ್ಯ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯ ವರೆಗೆ ವರ್ಷಕ್ಕೆ 12,000 ರೂ. ದೊರೆಯುತ್ತದೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಪ್ರತ್ಯೇಕ ವಿದ್ಯಾರ್ಥಿವೇತನವಿದೆ. 2024ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ನಡೆಸುವ ಕ್ರಮ ಬಂದಿದೆ. ಒಮ್ಮೆ ಅನುತ್ತೀರ್ಣಳಾದ ಮಗಳ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ.

ಬದ್ರ್ ಯುದ್ಧದಲ್ಲಿ ಸೆರೆಸಿಕ್ಕವರ ಪೈಕಿ ಅಕ್ಷರ ಬಲ್ಲವರಿಗೆ ಪ್ರವಾದಿವರ್ಯರು(ಸ) ಮದೀನಾದ ಮಕ್ಕಳಿಗೆ ಬರಹ ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ನಿಗದಿಪಡಿಸಿದರೆಂಬುದನ್ನು ನಾವೆಲ್ಲ ಕೇಳಿದ್ದೇವೆ. ಶತ್ರುವಿನಿಂದಲೂ ಅಕ್ಷರ ಪಡೆದ ಪರಂಪರೆ ನಮ್ಮದು. ಹೀಗಿರುವಾಗ ನಮ್ಮದೇ ಮೊಹಲ್ಲಾದ ಪದವೀಧರ ಯುವಕ ಯುವತಿಯರಿಂದ ಪಕ್ಕದ ಮನೆಯ ಮಗುವಿಗೆ ಅಕ್ಷರ ದೊರೆಯದಿದ್ದರೆ ನಾವು ಏನು ಉತ್ತರ ಕೊಡೋಣ? ಪ್ರತಿ ಮೊಹಲ್ಲಾದಲ್ಲಿ ಸಂಜೆ ಒಂದು ಕೋಣೆ, ಒಂದು ದೀಪ, ಒಬ್ಬ ಹಿರಿಯ ವಿದ್ಯಾರ್ಥಿ ಇಷ್ಟಿದ್ದರೆ ಸಾಕು. ಹಿಂದಿನ ವರ್ಷ ತೇರ್ಗಡೆಯಾದವರು ತಮ್ಮ ಪದಗಳ ಪಟ್ಟಿಯನ್ನೂ ತಪ್ಪುಗಳ ಪುಸ್ತಕವನ್ನೂ ಕಿರಿಯರಿಗೆ ದಾಟಿಸಲಿ. ಕಿರಿಯರು ಅದನ್ನು ಜೆರಾಕ್ಸ್ ಮಾಡದೆ, ಅರ್ಥ ಕೇಳಿ, ತಮ್ಮ ಕೈಯಿಂದಲೇ ಹೊಸದಾಗಿ ಬರೆಯಲಿ.

ಇಂದು ಮನೆಗೆ ಹೋದ ಬಳಿಕ ನಿಮ್ಮ ಮಗುವಿನ ಚೀಲ ತೆರೆಯಿರಿ. ನೋಟ್ಸ್‌ನ ಯಾವುದಾದರೂ ಒಂದು ಪುಟ ತೆಗೆದು, ಅದನ್ನು ಮನೆ ಮಾತಿನಲ್ಲಿ ಹೇಳೆಂದು ಪ್ರೀತಿಯಿಂದ ಕೇಳಿರಿ. ಹೇಳಿದರೆ ಬೆನ್ನು ತಟ್ಟಿ. ಹೇಳಲಾಗದಿದ್ದರೆ ಗದರಿಸಬೇಡಿ, ಪಕ್ಕದಲ್ಲಿ ಕುಳಿತು ನೀವೂ ಕಲಿಯಲು ಆರಂಭಿಸಿರಿ.