ಮೈಯೊಳಗೆ ಕರಗುವ ಪೊರೆ

ಗಾಯಕ್ಕೆ ಹೊದಿಸಿದರೆ ಅಥವಾ ದೇಹದೊಳಗೆ ಇಟ್ಟರೆ, ಕೆಲಸ ಮುಗಿದ ಬಳಿಕ ತಾನೇ ಕರಗಿಹೋಗುವ ಪಾಲಿಮರ್ ಪೊರೆ ವೈದ್ಯರಿಗೆ ದೊಡ್ಡ ಆಸರೆ. ಅದನ್ನು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಿಲ್ಲ. ಇದರ ಮೂಲವಸ್ತುಗಳಲ್ಲಿ ಎರಡು, ಮೆಕ್ಕೆಜೋಳ ಮತ್ತು ರೇಷ್ಮೆ, ಚಿತ್ರದುರ್ಗ ಜಿಲ್ಲೆಯ ರೈತರಿಗೆ ಚಿರಪರಿಚಿತ.

ಕರಗುವ ವಸ್ತುವನ್ನು ವೈದ್ಯರು ಮೊದಲು ಕಂಡದ್ದು ಪ್ರಾಣಿಗಳ ಕರುಳಿನಿಂದ ತೆಗೆದ ಹೊಲಿಗೆ ದಾರದಲ್ಲಿ. 1932ರಲ್ಲಿ ಅಮೆರಿಕದ ವ್ಯಾಲೇಸ್ ಕರೋಥರ್ಸ್ ಲ್ಯಾಕ್ಟಿಕ್ ಆಮ್ಲದಿಂದ ಪಾಲಿಮರ್ ತಯಾರಿಸಿದರು. ನೀರು ತಾಗಿದರೆ ಒಡೆಯುವ ಅದು ಆಗ ಬಟ್ಟೆಗೂ ಬೇಡವಾಯಿತು, ಪಾತ್ರೆಗೂ ಬೇಡವಾಯಿತು. ಆ ದೌರ್ಬಲ್ಯವೇ ಮುಂದೆ ವರವಾಯಿತು. 1966ರಲ್ಲಿ ಸಂಶೋಧಕ ಕುಲಕರ್ಣಿ ಮತ್ತು ಸಂಗಡಿಗರು ಈ ಪಾಲಿಮರನ್ನು, ಅಂದರೆ ಪಾಲಿಲ್ಯಾಕ್ಟಿಕ್ ಆಮ್ಲವನ್ನು, ಪ್ರಾಣಿಗಳ ದೇಹದಲ್ಲಿಟ್ಟು, ಅದು ವಿಷಕಾರಿಯಲ್ಲ, ನಿಧಾನವಾಗಿ ಕರಗುತ್ತದೆ ಎಂದು ತೋರಿಸಿದರು. 1970ರ ಹೊತ್ತಿಗೆ ಇದರ ಬಂಧುವಾದ ಪಾಲಿಗ್ಲೈಕೋಲಿಕ್ ಆಮ್ಲದ ಹೊಲಿಗೆ ದಾರ ಮಾರುಕಟ್ಟೆಗೆ ಬಂತು.

ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳದಂಥ ಕಾಳಿನ ಪಿಷ್ಟವೇ ಲ್ಯಾಕ್ಟಿಕ್ ಆಮ್ಲಕ್ಕೆ ಆಕರ. ಪಿಷ್ಟವನ್ನು ಸಕ್ಕರೆಯಾಗಿಸಿ, ಮೊಸರಿನಲ್ಲಿರುವ ಬಗೆಯ ಬ್ಯಾಕ್ಟೀರಿಯಾಗಳಿಂದ ಹುದುಗಿಸಿದರೆ ಆಮ್ಲ ದೊರೆಯುತ್ತದೆ. ಅದನ್ನು ಲ್ಯಾಕ್ಟೈಡ್ ಆಗಿಸಿ, ಉದ್ದನೆಯ ಸರಪಳಿಯಾಗಿ ಕೂಡಿಸಲಾಗುತ್ತದೆ. ಹೀಗಾದ ಪಾಲಿಮರನ್ನು ಕ್ಲೋರೋಫಾರ್ಮ್‌ನಂಥ ದ್ರಾವಕದಲ್ಲಿ ಕರಗಿಸಿ, ಗಾಜಿನ ಮೇಲೆ ತೆಳುವಾಗಿ ಸುರಿದು ಒಣಗಿಸಿದರೆ ಪೊರೆ ಸಿದ್ಧ. ದ್ರಾವಕದ ಕೊನೆಯ ಅಂಶವನ್ನೂ ನಿರ್ವಾತದಲ್ಲಿ ತೆಗೆಯಬೇಕು. ಸರಪಳಿ ಕೂಡಿಸುವಾಗಲೇ ಗ್ಲೈಕೋಲಿಕ್ ಆಮ್ಲವನ್ನೂ ಸಮಪಾಲಿನಲ್ಲಿ ಬೆರೆಸಿದರೆ ಪೊರೆ ಒಂದೆರಡು ತಿಂಗಳಲ್ಲಿ ಕರಗುತ್ತದೆ. ಬರೀ ಪಾಲಿಲ್ಯಾಕ್ಟಿಕ್ ಆಮ್ಲಕ್ಕೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಬಹುದು.

ರೇಷ್ಮೆಯ ದಾರಿ ಬೇರೆ. ಹಿರಿಯೂರು ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರಿದ್ದಾರೆ; ಇದೇ ಜಿಲ್ಲೆಯ ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರಾದ ಊರು. ಗೂಡಿನ ಎಳೆಯಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು, ಉಳಿದದ್ದು ಬಹುಪಾಲು ಫೈಬ್ರೋಯಿನ್ ಪ್ರೋಟೀನು. ಸೋಡಿಯಂ ಕಾರ್ಬೋನೇಟ್ ನೀರಿನಲ್ಲಿ ಕುದಿಸಿ ಅಂಟನ್ನು ಬಿಡಿಸಿ, ಫೈಬ್ರೋಯಿನನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಲಾಗುತ್ತದೆ. ಬಳಿಕ ಲವಣವನ್ನು ಸೋಸಿ ತೆಗೆದು, ಪೊರೆಯಾಗಿ ಒಣಗಿಸುತ್ತಾರೆ. ಮೆಥನಾಲ್ ತಾಗಿಸಿದಾಗ ಅಣುಗಳು ಪದರಪದರವಾಗಿ ಜೋಡಿಕೊಂಡು ಪೊರೆ ನೀರಿಗೆ ಕರಗದಂತೆ ಗಟ್ಟಿಯಾಗುತ್ತದೆ. ದೇಹದಲ್ಲಿ ಇದನ್ನು ಮೆಲ್ಲಗೆ ಒಡೆಯುವುದು ಕಿಣ್ವಗಳ ಕೆಲಸ.

ಎರಡಕ್ಕೂ ಕೊನೆಯ ಪರೀಕ್ಷೆ ಶುದ್ಧತೆಯದು. ಹೆಚ್ಚು ಬಿಸಿಯ ಹಬೆ ಪಾಲಿಲ್ಯಾಕ್ಟಿಕ್ ಪೊರೆಯನ್ನು ಕೆಡಿಸುವುದರಿಂದ ಎಥಿಲೀನ್ ಆಕ್ಸೈಡ್ ಅನಿಲ ಅಥವಾ ಗಾಮಾ ಕಿರಣಗಳಿಂದ ರೋಗಾಣುಮುಕ್ತಗೊಳಿಸುತ್ತಾರೆ. ಪೊರೆಯಷ್ಟೇ ಅಲ್ಲ, ಅದು ಒಡೆದಾಗ ಹುಟ್ಟುವ ವಸ್ತುಗಳೂ ಜೀವಕೋಶಗಳಿಗೆ ಹಾನಿ ಮಾಡಬಾರದು. ಬೆಳೆ ಹೊಲದಲ್ಲೇ ಇದ್ದರೂ ಅದನ್ನು ಔಷಧದರ್ಜೆಗೆ ಏರಿಸುವುದು ಈ ಶುದ್ಧೀಕರಣ ಮತ್ತು ಪರೀಕ್ಷೆಗಳೇ.