ಒಬ್ಬ ಪಾಮರ ಕೇಳುಗ ಕಂಡ ಧ್ವನಿಮುದ್ರಿಕೆಗಳು

(ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ಸೇರಿದ್ದ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹ ರೂಪ)



ಸಂಗೀತವನ್ನು ಕುರಿತು ಮಾತನಾಡಲು ತಾವು ಒಬ್ಬ ವೈದ್ಯನನ್ನು ಕರೆದಿದ್ದೀರಿ. ಇದು ತಮ್ಮ ಔದಾರ್ಯವೋ ಸಾಹಸವೋ ಉಪನ್ಯಾಸದ ಕೊನೆಗೆ ತಿಳಿದೀತು. ನನಗೆ ಸ್ವರಜ್ಞಾನವಿಲ್ಲ. ನಾನು ತಾಳ ಹಾಕಹೊರಟರೆ ಪಕ್ಕದಲ್ಲಿ ಕುಳಿತವರ ತಾಳವೂ ತಪ್ಪುತ್ತದೆ. ಆದರೆ ಹಾಡುವವರು ನಾಲ್ವರಿದ್ದರೆ ಕೇಳುವವರು ನಾನೂರು ಮಂದಿ ಇರಬೇಕಷ್ಟೆ. ಆ ನಾನೂರರಲ್ಲಿ ಒಬ್ಬನ ಪರವಾಗಿ ಈ ಸಂಜೆ ನಾಲ್ಕು ಮಾತುಗಳನ್ನಾಡಲು ಅಪ್ಪಣೆ ಬೇಡುತ್ತೇನೆ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ, ಅನಂತರ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾಗ, ಈಗ ಈ ಊರಿನ ರಸ್ತೆಗಳಲ್ಲಿ ಕಾರು ಓಡಿಸುವಾಗ ಕಿವಿಗೆ ಬಿದ್ದು ಮನಸ್ಸಿನಲ್ಲಿ ಉಳಿದ ಕೆಲವು ಧ್ವನಿಮುದ್ರಿಕೆಗಳೇ ನನ್ನ ಬಂಡವಾಳ.

ಮೊದಲು 'ಆಲ್ಬಂ' ಎಂಬ ಪದವನ್ನು ನೋಡೋಣ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಾಲ್ಕು ನಿಮಿಷಗಳ ಸಂಗೀತಕ್ಕೆ ಮಾತ್ರ ಜಾಗವಿತ್ತು. ದೀರ್ಘವಾದ ಕೃತಿಯೊಂದನ್ನು ಹಲವು ತಟ್ಟೆಗಳಲ್ಲಿ ಹಂಚಿ, ಅವನ್ನು ಫೋಟೋ ಪುಸ್ತಕದಂತಹ ರಟ್ಟಿನ ಹೊದಿಕೆಯಲ್ಲಿಟ್ಟು ಮಾರುತ್ತಿದ್ದರು; ಆ ಪುಸ್ತಕವೇ ಆಲ್ಬಂ. 1948ರಲ್ಲಿ ಕೊಲಂಬಿಯಾ ಸಂಸ್ಥೆಯು ದೀರ್ಘಾವಧಿಯ ತಟ್ಟೆಯನ್ನು ತಂದಾಗ ಪುಸ್ತಕ ಮಾಯವಾಯಿತು, ಹೆಸರು ಉಳಿಯಿತು. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರೂ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲಿ ಹಾಡಿದ್ದು ಆ ಸಣ್ಣ ತಟ್ಟೆಗಳಿಗೇ. ಗಂಟೆಗಟ್ಟಲೆ ಬೆಳೆಯಬೇಕಾದ ರಾಗವನ್ನು ಮೂರು ನಿಮಿಷದೊಳಗೆ ಮುಗಿಸುವುದೆಂದರೆ ಆಲದ ಮರವನ್ನು ಕುಂಡದಲ್ಲಿ ಬೆಳೆಸಿದಂತೆ. ಆದರೂ ಎಲೆಯ ಆಕಾರ ಆಲದ್ದೇ ಆಗಿರುತ್ತದೆ.

ನಮ್ಮ ತಲೆಮಾರಿನವರ ಪಾಲಿಗೆ ಬಂದದ್ದು ಕ್ಯಾಸೆಟ್. ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಜಗತ್ತಿಗೆ ತೋರಿಸಿದ ಆ ಪುಟ್ಟ ಡಬ್ಬಿಯನ್ನು ಕನ್ನಡಿಗರು 'ಧ್ವನಿಸುರುಳಿ' ಎಂಬ ಚೆಂದದ ಹೆಸರಿಟ್ಟು ಮನೆಯೊಳಗೆ ಕರೆದುಕೊಂಡರು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಹೊರಬಂದಿತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಅದನ್ನು ಕರೆಯುತ್ತಾರೆ. ಅದಕ್ಕೂ ಮೊದಲು ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನು ನಾಡಿನುದ್ದಕ್ಕೂ ಹಾಡಿ ದಾರಿ ಮಾಡಿಕೊಟ್ಟಿದ್ದರು. ಧ್ವನಿಸುರುಳಿಯು ಆ ಹಾಡನ್ನು ವೇದಿಕೆಯಿಂದ ಅಡುಗೆಮನೆಗೆ ತಂದಿತು. ನಿಸಾರರು ವೃತ್ತಿಯಿಂದ ಭೂವಿಜ್ಞಾನದ ಅಧ್ಯಾಪಕರು. ಬಂಡೆಗಳನ್ನೂ ಕಣಿವೆಗಳನ್ನೂ ಪಾಠವಾಗಿ ಹೇಳಿದವರೇ ಅವನ್ನು ಹಾಡಾಗಿಯೂ ಕೊಟ್ಟರು. ಈ ದೇಶದಲ್ಲಿ ಹುಟ್ಟಿದ ನಮ್ಮ ಮಕ್ಕಳು ನವೆಂಬರ್ ತಿಂಗಳಲ್ಲಿ ಸಾಲಾಗಿ ನಿಂತು ಅದನ್ನು ಹಾಡುವಾಗ ಜೋಗವನ್ನು ಅವರಲ್ಲಿ ಅನೇಕರು ಕಂಡಿರುವುದಿಲ್ಲ. ಆದರೂ ಅವರ ನಾಲಿಗೆಯ ಮೇಲೆ ಶರಾವತಿಯ ನೀರು ಒಂದಿಷ್ಟು ಹರಿದಿರುತ್ತದೆ.

ಎರಡನೆಯದಾಗಿ 'ಮೈಸೂರು ಮಲ್ಲಿಗೆ'. ಕೆ.ಎಸ್. ನರಸಿಂಹಸ್ವಾಮಿಯವರ ಸಂಕಲನ ಪ್ರಕಟವಾದದ್ದು 1942ರಲ್ಲಿ. ಸಿ. ಅಶ್ವಥ್ ಅವರ ಸ್ವರ ಸಂಯೋಜನೆಯಲ್ಲಿ ಅದು ಧ್ವನಿಸುರುಳಿಯಾಗಿ ಬಂದಾಗ, ಪುಸ್ತಕ ಹಿಡಿಯದವರಿಗೂ ಕವಿತೆ ಬಾಯಿಪಾಠವಾಯಿತು. ನನಗೆ ಇದರಲ್ಲಿ ಕಾಣುವ ವಿಶೇಷವೆಂದರೆ ಹಾಡುಗಳ ನಡುವಣ ನಂಟು. ಹೊಸ ಮದುವೆ, ತವರಿನ ನೆನಪು, ಅಳಿಯನ ಸಂಕೋಚ, ಬಳೆಗಾರನ ಬರವು: ಇವೆಲ್ಲ ಒಂದೇ ಮನೆಯ ಬೇರೆ ಬೇರೆ ಕೋಣೆಗಳು. ಒಂದು ಹಾಡು ಮುಗಿದಾಗ ನಾವು ಮನೆಯಿಂದ ಹೊರಬರುವುದಿಲ್ಲ, ಪಕ್ಕದ ಕೋಣೆಗೆ ಹೋಗುತ್ತೇವೆ. ಒಳ್ಳೆಯ ಆಲ್ಬಂ ಎಂದರೆ ಏನೆಂದು ನನ್ನನ್ನು ಕೇಳಿದರೆ ನನ್ನ ಉತ್ತರ ಇಷ್ಟೇ.

ಇನ್ನು ಪಶ್ಚಿಮದ ಶಾಸ್ತ್ರೀಯ ಸಂಗೀತ. ಅದಕ್ಕೂ ನಮಗೂ ಏನು ಸಂಬಂಧವೆಂದು ತಾವು ಕೇಳಬಹುದು. ಮೈಸೂರಿನ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದ ವಾಗ್ಗೇಯಕಾರರೆಂಬುದು ಎಲ್ಲರಿಗೂ ತಿಳಿದದ್ದು. ಅವರ ಬಳಿ ಸುಮಾರು 20,000 ಧ್ವನಿಮುದ್ರಿಕೆಗಳಿದ್ದವೆಂದೂ, ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಅವರೇ ಹಣ ಒದಗಿಸಿದರೆಂದೂ ಬಲ್ಲವರು ಕಡಿಮೆ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮಹಾರಾಜರಿಗೆ ಅರ್ಪಿಸಿ ಋಣ ತೀರಿಸಿದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1948ರಲ್ಲಿ ರಚಿಸಿದ 'ನಾಲ್ಕು ಅಂತಿಮ ಗೀತೆಗಳು' ಮೊದಲ ಬಾರಿ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಆ ಕಛೇರಿಗೆ ಹಣದ ಖಾತರಿ ಕೊಟ್ಟವರೂ ನಮ್ಮ ಮಹಾರಾಜರೇ. ಅವರು ಸ್ವತಃ ಹಾಜರಿರಲಿಲ್ಲ. ಅವರ ಸಂಗ್ರಹಕ್ಕಾಗಿ ಅಂದಿನ ಗಾಯನವನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಿದರು. ಸ್ಟ್ರಾಸ್ ಆ ವೇಳೆಗಾಗಲೇ ತೀರಿಕೊಂಡಿದ್ದರು. ತಮ್ಮ ಹಾಡುಗಳನ್ನು ಅವರು ಕೇಳಲೇ ಇಲ್ಲ.

ನಾನು ಕೇಳುವುದು 1965ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದ, ಜಾರ್ಜ್ ಸೆಲ್ ನಿರ್ದೇಶಿಸಿದ ಮುದ್ರಣವನ್ನು. ಜರ್ಮನ್ ಭಾಷೆಯ ಒಂದು ಅಕ್ಷರವೂ ನನಗೆ ಬಾರದು. ಆದರೆ ಕೊನೆಯ ಗೀತೆಯಲ್ಲಿ ಹಾಡು ನಿಂತ ಮೇಲೂ ವಾದ್ಯಗಳು ಬಹಳ ಹೊತ್ತು ಮೆಲ್ಲಗೆ ಮುಂದುವರಿಯುತ್ತವೆ. ಮರಣವನ್ನು ಅನೇಕ ಬಾರಿ ಹತ್ತಿರದಿಂದ ಕಂಡವನಾಗಿ ಹೇಳುತ್ತೇನೆ: ಎಲ್ಲ ಸಾವುಗಳೂ ಅಷ್ಟು ನೆಮ್ಮದಿಯವಲ್ಲ, ಆದರೆ ಕೆಲವು ಹಾಗೆಯೇ ಇರುತ್ತವೆ.

ಜಾಜ್ ಸಂಗೀತಕ್ಕೆ ನನ್ನನ್ನು ಪರಿಚಯಿಸಿದ್ದು ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ'. ನ್ಯೂಯಾರ್ಕಿನಲ್ಲಿ ಹಿಂದೆ ಇಗರ್ಜಿಯಾಗಿದ್ದ ಕಟ್ಟಡವೊಂದರಲ್ಲಿ, 1959ರ ಮಾರ್ಚ್ ಹಾಗೂ ಏಪ್ರಿಲ್ ತಿಂಗಳ ಎರಡೇ ದಿನಗಳಲ್ಲಿ ಅದರ ಐದು ರಚನೆಗಳೂ ಮುದ್ರಣಗೊಂಡವು. ವಾದಕರ ಕೈಗೆ ಕೊಟ್ಟದ್ದು ಪೂರ್ಣ ಬರಹವಲ್ಲ, ಸ್ವರಗಳ ಸ್ಥೂಲ ರೂಪ ಮಾತ್ರ. ಇಂತಿಷ್ಟು ಸ್ವರಗಳೊಳಗೆ ನಿನ್ನ ಮನೋಧರ್ಮವನ್ನು ತೋರಿಸು ಎಂದರೆ, ರಾಗಾಲಾಪನೆ ಕೇಳಿ ಬೆಳೆದ ನಮಗೆ ಅದು ಪರಕೀಯವೆನಿಸೀತೇ? ಇನ್ನೊಂದು ಸಂಗತಿ. ಮೊದಲ ದಿನದ ಮುದ್ರಣಯಂತ್ರದ ವೇಗ ಸರಿಯಿಲ್ಲದ ಕಾರಣ, ತಟ್ಟೆಯ ಮೊದಲ ಮಗ್ಗುಲಿನ ಮೂರು ರಚನೆಗಳು ಮೂಲಕ್ಕಿಂತ ಒಂದಿಷ್ಟು ಎತ್ತರದ ಶ್ರುತಿಯಲ್ಲಿ ಕೇಳಿಸುತ್ತಿದ್ದವು. ಅದನ್ನು ತಿದ್ದಿದ್ದು 1990ರ ದಶಕದಲ್ಲಿ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಲೋಕವು ತಪ್ಪು ಶ್ರುತಿಯನ್ನೇ ಮೆಚ್ಚಿ ಕೇಳಿತು! ಬ್ಯಾಟರಿ ಇಳಿದ ಟೇಪ್‌ರೆಕಾರ್ಡರಿನಲ್ಲಿ ರಾಜ್‌ಕುಮಾರರ ಹಾಡನ್ನು ಎಳೆದೆಳೆದು ಕೇಳಿ ಆನಂದಿಸಿದ ನಮಗೆ ಇದು ಆಶ್ಚರ್ಯವಲ್ಲ.

ಈ ಎರಡು ಲೋಕಗಳ ನಡುವೆ ಸೇತುವೆ ಕಟ್ಟಿದವರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೊಫೋನನ್ನು ಒಲಿಸಿಕೊಂಡು, ಗಮಕಕ್ಕೆ ಒಗ್ಗದೆಂದು ಜನ ತಿಳಿದಿದ್ದ ಆ ಹಿತ್ತಾಳೆಯ ವಾದ್ಯದಲ್ಲಿ ಕೃತಿಗಳನ್ನು ನುಡಿಸಿದರು. ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಜಾಜ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ ಸೇರಿ 2008ರಲ್ಲಿ 'ಕಿನ್ಸ್‌ಮೆನ್' ಎಂಬ ಆಲ್ಬಂ ತಂದರು. ಕಿನ್ಸ್‌ಮೆನ್ ಎಂದರೆ ದಾಯಾದಿಗಳು ಎನ್ನಬಹುದು. ಒಂದೇ ಬಗೆಯ ವಾದ್ಯ, ಎರಡು ಉಸಿರು. ಒಬ್ಬರು ಕದ್ರಿಯವರು, ಇನ್ನೊಬ್ಬರು ನಮ್ಮ ಮಕ್ಕಳಂತೆ ಹೊರನಾಡಿನಲ್ಲಿ ಬೆಳೆದವರು. ಇಬ್ಬರೂ ತಮ್ಮ ತಮ್ಮ ಮಾತನ್ನು ಬಿಟ್ಟುಕೊಡದೆ ಸಂಭಾಷಿಸುವುದನ್ನು ಕೇಳಿದರೆ, ಹದಿಹರೆಯದ ಮಕ್ಕಳಿರುವ ತಂದೆತಾಯಿಯರಿಗೆ ಧೈರ್ಯ ಬರುತ್ತದೆ.

ನಾವು ಅನ್ನ ಉಣ್ಣುತ್ತಿರುವ ಈ ನೆಲದ ದನಿಯನ್ನೂ ನೆನೆಯಬೇಕು. ಉತ್ತರದ ಎಲ್ಕೋ ದ್ವೀಪದಲ್ಲಿ ಹುಟ್ಟು ಕುರುಡರಾಗಿ ಜನಿಸಿದ ಗುರುಮುಲ್ ಯೂನುಪಿಂಗು 2008ರಲ್ಲಿ ತಮ್ಮ ಹೆಸರಿನದೇ ಆಲ್ಬಂ ಹೊರತಂದರು. ಹಾಡಿದ್ದು ಬಹುಪಾಲು ತಮ್ಮ ಯೋಲ್ಙು ಜನರ ನುಡಿಯಲ್ಲಿ. ಕೆಲವೇ ಸಾವಿರ ಮಂದಿ ಆಡುವ ಮಾತು ಅದು. ಎಡಗೈಯವರಾದ ಅವರು ಬಲಗೈಯವರ ಗಿಟಾರನ್ನು ತಿರುಗಿಸಿ ಹಿಡಿದು ನುಡಿಸುತ್ತಿದ್ದರು. 2017ರಲ್ಲಿ, ತಮ್ಮ 46ನೆಯ ವಯಸ್ಸಿನಲ್ಲಿ, ಯಕೃತ್ತು ಮತ್ತು ಮೂತ್ರಪಿಂಡಗಳ ದೀರ್ಘ ಕಾಯಿಲೆಯಿಂದ ತೀರಿಕೊಂಡರು. ಮರುವರ್ಷ ಹೊರಬಂದ ಅವರ ಕೊನೆಯ ಆಲ್ಬಂ ಆಸ್ಟ್ರೇಲಿಯಾದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಇಲ್ಲಿನ ಮೂಲನಿವಾಸಿಗಳ ಭಾಷೆಯ ಆಲ್ಬಂ ಒಂದಕ್ಕೆ ಆ ಸ್ಥಾನ ದೊರೆತದ್ದು ಅದೇ ಮೊದಲು. ಕೋಟಿಗಟ್ಟಲೆ ಜನರಾಡುವ ಕನ್ನಡವನ್ನು ರೈಲಿನಲ್ಲಿ ಮೆಲ್ಲನೆ ಮಾತನಾಡುವ ನಾವು ಅವರಿಂದ ಕಲಿಯುವುದು ಉಂಟು.

ಇಷ್ಟು ಹೊತ್ತು ಕೇಳುಗನಾಗಿ ಮಾತನಾಡಿದೆ. ಈಗ ವೈದ್ಯನಾಗಿ ಒಂದು ಮಾತು.

ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಬಂದಾಗ ಈಚೆಗೆ ಕಲಿತದ್ದು ಸಾಮಾನ್ಯವಾಗಿ ಮೊದಲು ಹೋಗುತ್ತದೆ. ವಲಸೆ ಬಂದವರಲ್ಲಿ ಹಲವರಿಗೆ ಇಂಗ್ಲಿಷ್ ಜಾರಿ ಹೋಗಿ, ತಾಯ್ನುಡಿ ಮಾತ್ರ ಉಳಿಯುತ್ತದೆ. ಹಳೆಯ ಹಾಡುಗಳು ಅದಕ್ಕಿಂತಲೂ ಹೆಚ್ಚು ಕಾಲ ಉಳಿಯುವುದನ್ನು ನಾನು ಕಂಡಿದ್ದೇನೆ. ಇಲ್ಲಿಯ ಒಂದು ವೃದ್ಧರ ಆರೈಕೆ ನಿಲಯದಲ್ಲಿ ಒಬ್ಬ ಕನ್ನಡದ ಅಜ್ಜಿ ಇದ್ದರು. ದಾದಿಯರ ಮಾತು ಅವರಿಗೆ ತಿಳಿಯದು, ಅವರ ಮಾತು ದಾದಿಯರಿಗೆ ತಿಳಿಯದು. ಸಂಜೆಯಾದರೆ ಗಾಬರಿ, ಅಳು. ಮಗಳು ತಮ್ಮ ಮನೆಯ ಹಳೆಯ ಭಾವಗೀತೆಯ ಕ್ಯಾಸೆಟ್ಟನ್ನು ಫೋನಿಗೆ ಇಳಿಸಿಕೊಂಡು ಬಂದು ಕೇಳಿಸಿದರು. ಮೊದಲ ಹಾಡು ಮುಗಿದು ನಿಶ್ಶಬ್ದವಾದ ಆ ಕೆಲವು ಕ್ಷಣಗಳಲ್ಲಿ, ಎರಡನೆಯ ಹಾಡು ಆರಂಭವಾಗುವ ಮೊದಲೇ, ಅಜ್ಜಿ ಅದರ ಪಲ್ಲವಿಯನ್ನು ಗುನುಗಿದರು. ಮರುದಿನ ಫೋನು ತನ್ನಿಷ್ಟದಂತೆ ಹಾಡುಗಳ ಸರದಿಯನ್ನು ಕಲೆಸಿತು. ಅಜ್ಜಿ ಹುಬ್ಬು ಗಂಟಿಕ್ಕಿ, "ಇದಲ್ಲ, ಇದಲ್ಲ" ಎಂದರು. ಅಂದಿನ ದಿನಾಂಕವಾಗಲಿ ಊರಾಗಲಿ ಅವರಿಗೆ ತಿಳಿದಿರಲಿಲ್ಲ. ಯಾವ ಹಾಡಿನ ಅನಂತರ ಯಾವ ಹಾಡು ಎಂಬುದು ತಿಳಿದಿತ್ತು. ಮನೆಯ ಇತರ ಬಾಗಿಲುಗಳೆಲ್ಲ ಮುಚ್ಚಿಕೊಂಡಾಗಲೂ ಆ ಕೋಣೆಯಿಂದ ಈ ಕೋಣೆಗೆ ಹೋಗುವ ದಾರಿ ಅವರಿಗೆ ಗೊತ್ತಿತ್ತು.

ಹಾಡು ಕಾಯಿಲೆಯನ್ನು ಗುಣಪಡಿಸದು. ಹಾಗೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಒಂದು ಸಂಜೆಯ ಗಾಬರಿಯನ್ನು ಅದು ಇಳಿಸಬಲ್ಲದು. ಆರೈಕೆಯಲ್ಲಿ ಅದು ಚಿಕ್ಕ ಸಂಗತಿಯಲ್ಲ.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿ. ನಮ್ಮಲ್ಲಿ ಅನೇಕರ ಕ್ಯಾಸೆಟ್ಟುಗಳು ಗ್ಯಾರೇಜಿನ ರಟ್ಟಿನ ಪೆಟ್ಟಿಗೆಗಳಲ್ಲಿವೆ. ನಮ್ಮ ಪಶ್ಚಿಮಕ್ಕಿರುವ ಪೆನ್ರಿತ್‌ನಲ್ಲಿ 2020ರ ಜನವರಿ 4ರಂದು ಉಷ್ಣತೆ 48.9 ಡಿಗ್ರಿ ಮುಟ್ಟಿತ್ತು. ಟೇಪಿನ ಮೇಲಿನ ಅಯಸ್ಕಾಂತದ ಲೇಪಕ್ಕೆ ಬಿಸಿಲೂ ತೇವವೂ ಶತ್ರುಗಳು. ಅವನ್ನು ಮನೆಯೊಳಗೆ ತನ್ನಿ. ಹಾಡುಗಳ ಸರದಿ ಕೆಡದಂತೆ, ಎರಡೂ ಮಗ್ಗುಲುಗಳನ್ನು, ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮೆಲ್ಬರ್ನಿನಲ್ಲಿರುವ ಬಂಧುಗಳಿಗೂ ತಿಳಿಸಿ. ಎರಡನೆಯದಾಗಿ, ಮನೆಯ ಹಿರಿಯರೊಡನೆ ಒಂದು ಮಧ್ಯಾಹ್ನ ಕುಳಿತು ಅವರಿಗೆ ಪ್ರಿಯವಾದ ಹಾಡುಗಳ ಪಟ್ಟಿಯನ್ನು ಅವರ ಬಾಯಿಂದಲೇ ಕೇಳಿ ಬರೆದಿಡಿ. ಔಷಧಿಗಳ ಪಟ್ಟಿಯ ಜೊತೆಗೆ ಅದೂ ಇರಲಿ. ಕೇಳಿದರೆ ಹೇಳಬಲ್ಲ ಕಾಲದಲ್ಲಿಯೇ ಕೇಳಬೇಕು. ಆ ಕಾಲ ಮುಗಿಯುವುದು ಯಾವಾಗ ಎಂದು ಯಾವ ವೈದ್ಯನೂ ಮುಂಗಡವಾಗಿ ತಿಳಿಸಲಾರ.

ಐವತ್ತು ದಾಟಿದ ನಾವೂ ನಮ್ಮ ಪಟ್ಟಿಯನ್ನು ಬರೆದಿಡುವುದು ಲೇಸು. ನನ್ನದರಲ್ಲಿ ಅನಂತಸ್ವಾಮಿ, ಅಶ್ವಥ್, ಮನ್ಸೂರರ ಜೊತೆ ಮೈಲ್ಸ್ ಡೇವಿಸರೂ ಇದ್ದಾರೆ. ನನ್ನ ಮಕ್ಕಳಿಗೆ ಆ ಸರದಿಯನ್ನು ಕಲೆಸಬಾರದೆಂದು ಈಗಲೇ ಹೇಳಿಟ್ಟಿದ್ದೇನೆ.