ನಿರ್ವಾತದ ಲೆಕ್ಕದಲ್ಲಿ ಅಧ್ಯಾಹಾರ

ಚಳಿಗಾಲದ ರಾತ್ರಿ ಮನೆಯ ಹಿರಿಯರೊಬ್ಬರು ಕಂಬಳಿ ಹೊದ್ದು ಕುಳಿತು "ಬಾಗಿಲು, ಬಾಗಿಲು" ಎಂದರೆ ನೀವು ಎದ್ದುಹೋಗಿ ಬಾಗಿಲನ್ನು ಮುಚ್ಚುತ್ತೀರಿ. ಹೊರಗೆ ಯಾರೋ ಕದ ತಟ್ಟಿದಾಗ ಅವರೇ ಅದೇ ಮಾತನ್ನು ಆಡಿದರೆ ಹೋಗಿ ತೆರೆಯುತ್ತೀರಿ. ಮುಚ್ಚು ಎಂದಾಗಲಿ, ತೆರೆ ಎಂದಾಗಲಿ ಅವರು ಹೇಳಲಿಲ್ಲ. ಹೇಳದೆ ಬಿಟ್ಟ ಕ್ರಿಯಾಪದವನ್ನು ಸಂದರ್ಭ ನೋಡಿ ನೀವೇ ತುಂಬಿಕೊಂಡಿರಿ. ಇದಕ್ಕೆ ನಮ್ಮ ಶಾಸ್ತ್ರಕಾರರು ಅಧ್ಯಾಹಾರವೆಂದು ಹೆಸರಿಟ್ಟಿದ್ದಾರೆ; ಈ ಬಾಗಿಲಿನ ಉದಾಹರಣೆಯೂ ಅವರದೇ. ಹೈಸ್ಕೂಲಿನಲ್ಲಿ ಪದ್ಯಗಳ ಅನ್ವಯ ಹೇಳಿಕೊಡುವ ನನ್ನಂಥ ಪಂಡಿತನಿಗೆ ಅಧ್ಯಾಹಾರ ದಿನನಿತ್ಯದ ಮಾತು. ಕಂಪ್ಯೂಟರೂ ಈ ಕೆಲಸವನ್ನು ಮಾಡುತ್ತದೆಂದೂ, ಅದರಿಂದ ಒಬ್ಬ ನಿರಪರಾಧಿಯ ಮೇಲೆ ಅಪವಾದ ಬರಬಹುದೆಂದೂ ನನಗೆ ತಿಳಿದದ್ದು ಮಾತ್ರ ಇತ್ತೀಚೆಗೆ.

ಗೌರಿ ಹಬ್ಬಕ್ಕೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ನೋಡಲು ಮನೆಗೆ ಬಂದನು. ಅವನು ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ನಿರ್ವಾತಪಾತ್ರೆಗಳನ್ನು, ಎಂದರೆ ಒಳಗಿನ ಗಾಳಿಯನ್ನು ಪಂಪಿನಿಂದ ಹೊರಕ್ಕೆಳೆದು ಬರಿದು ಮಾಡಬಹುದಾದ ಉಕ್ಕಿನ ಪಾತ್ರೆಗಳನ್ನು, ಅಲ್ಲಿ ತಯಾರಿಸುತ್ತಾರೆ. ಕಾಫಿ ಕುಡಿಯುವಾಗಲೂ ಅವನ ಮುಖದಲ್ಲಿ ಗೆಲುವಿರಲಿಲ್ಲ. ಅವನು ಹೇಳಿದ್ದನ್ನು ನಿಮಗೆ ತಿಳಿಸುವ ಮೊದಲು ನಿರ್ವಾತದ ವಿಷಯವಾಗಿ ಎರಡು ಮಾತು ಹೇಳಬೇಕು. ನಾನು ಭೌತವಿಜ್ಞಾನ ಓದಿದವನಲ್ಲ. ಅವನಿಂದಲೂ ಅವನು ಕೊಟ್ಟ ಪುಸ್ತಕಗಳಿಂದಲೂ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ನಿರ್ವಾತವು ನಮ್ಮ ಮನೆಗಳಿಗೆ ಹೊಸದಲ್ಲ. ಕಾಫಿಯನ್ನು ಬಿಸಿಯಾಗಿಡುವ ಫ್ಲಾಸ್ಕಿನ ಎರಡು ಗೋಡೆಗಳ ನಡುವೆ ಇರುವುದು ನಿರ್ವಾತ. ಹಿಂದಿನ ರೇಡಿಯೋ ಪೆಟ್ಟಿಗೆಗಳಲ್ಲಿ ಮಿಣುಕುತ್ತಿದ್ದ ವಾಲ್ವುಗಳ ಒಳಗಿದ್ದುದೂ ಅದೇ. ಕುರುಕಲು ತಿಂಡಿಯ ಪೊಟ್ಟಣದ ಒಳಮೈಗೆ ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ ಲೇಪವನ್ನು ಕೊಡುವುದು ನಿರ್ವಾತದಲ್ಲಿ. ಬೆಂಗಳೂರಿನಲ್ಲಿ ತಯಾರಾದ ಉಪಗ್ರಹಗಳನ್ನು ಆಕಾಶಕ್ಕೆ ಕಳಿಸುವ ಮೊದಲು ದೊಡ್ಡ ನಿರ್ವಾತಕೋಠಿಗಳಲ್ಲಿಟ್ಟು ಪರೀಕ್ಷಿಸುತ್ತಾರೆ. 1643ರಲ್ಲಿ ಇಟಲಿಯ ಟಾರಿಚೆಲ್ಲಿಯು ಪಾದರಸದ ಕೊಳವೆಯಿಂದ ಗಾಳಿಯ ಒತ್ತಡವನ್ನು ತೋರಿಸಿಕೊಟ್ಟನು. ಒತ್ತಡದ ಒಂದು ಮಾನಕ್ಕೆ ಇಂದಿಗೂ ಅವನ ಹೆಸರಿನಿಂದ ಟಾರ್ ಎನ್ನುತ್ತಾರೆ. ಮಿಲಿಬಾರ್ ಮತ್ತು ಪಾಸ್ಕಲ್ ಎಂಬ ಬೇರೆ ಮಾನಗಳೂ ಉಂಟು.

ಇಂಥ ಪಾತ್ರೆಯನ್ನು ಕಟ್ಟುವ ಮೊದಲು ಲೆಕ್ಕ ಹಾಕಬೇಕು. ಪಾತ್ರೆ, ಕೊಳವೆ, ಪಂಪು ಇವುಗಳ ವಿವರವನ್ನು ಕಂಪ್ಯೂಟರಿಗೆ ಕೊಟ್ಟರೆ, ಎಷ್ಟು ಹೊತ್ತಿಗೆ ಒತ್ತಡ ಎಷ್ಟಕ್ಕೆ ಇಳಿಯುವುದೆಂದು ಹೇಳುವ ಸಾಫ್ಟ್‌ವೇರ್‌ಗಳಿವೆ. ಕೆಲವು ಸೂತ್ರಗಳಿಂದ ಗುಣಿಸುತ್ತವೆ. ಕೆಲವು ಒಂದೊಂದು ಅಣುವನ್ನೂ ಹಿಂಬಾಲಿಸುತ್ತವೆ. ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದು ಅಣು ಮತ್ತೊಂದಕ್ಕೆ ಬಡಿಯದೆ ಹೋಗುವ ದೂರ ಒಂದು ಮಿಲಿಮೀಟರಿನ 10,000ದಲ್ಲಿ ಒಂದು ಭಾಗಕ್ಕಿಂತ ಕಡಮೆ. ಒತ್ತಡವು ಮಿಲಿಬಾರಿನ 10 ಲಕ್ಷದಲ್ಲಿ ಒಂದು ಭಾಗಕ್ಕೆ ಇಳಿದರೆ ಆ ದೂರ ಸುಮಾರು 60 ಮೀಟರಾಗುತ್ತದೆ. ಆಗ ಅಣುಗಳು ಒಂದನ್ನೊಂದು ಬಡಿಯುವುದಿಲ್ಲ; ಕೇರಂ ಹಲಗೆಯ ಮೇಲೆ ಉಳಿದ ಒಂಟಿ ಬಿಲ್ಲೆಯಂತೆ ಗೋಡೆಯಿಂದ ಗೋಡೆಗೆ ಬಡಿದು ತಿರುಗುತ್ತವೆ. ಈ ಓಟವನ್ನು ಲೆಕ್ಕ ಹಾಕುವ ಮೋಲ್‌ಫ್ಲೋ ಎಂಬುದನ್ನು ರಾಬರ್ಟೋ ಕೆರ್ಸೆವಾನ್ ಎಂಬವರು 1990ರಲ್ಲಿ ಆರಂಭಿಸಿದರು. ಜಿನೀವಾದ ಸೆರ್ನ್ ಸಂಸ್ಥೆಯಲ್ಲಿ ಅದು ಬೆಳೆದಿದೆ.

ಇಂಥ ಸಾಫ್ಟ್‌ವೇರ್ ತೆರೆದರೆ ತುಂಬಬೇಕಾದ ಮನೆಗಳು ಹತ್ತಾರು ಕಾಣುತ್ತವೆ. ಆದರೆ ಅವು ಬರಿದಾಗಿರುವುದಿಲ್ಲ. ನಾವು ಬಾಯಿ ತೆರೆಯುವ ಮೊದಲೇ ಅಲ್ಲಿ ಯಾರೋ ಒಂದೊಂದು ಬೆಲೆಯನ್ನು ಬರೆದಿಟ್ಟಿರುತ್ತಾರೆ. ಇದಕ್ಕೆ ಡಿಫಾಲ್ಟ್ ಎಂದು ಹೆಸರು. ಮೋಲ್‌ಫ್ಲೋವಿನಲ್ಲಿ ನಾವು ಬೇರೆ ಹೇಳದಿದ್ದರೆ, ಅನಿಲದ ಅಣುತೂಕ 28, ಎಂದರೆ ಸಾರಜನಕದ್ದು. ಗೋಡೆಯ ಉಷ್ಣತೆ 20 ಡಿಗ್ರಿ. ಗೋಡೆಗೆ ಬಡಿದ ಅಣು ಅಂಟಿಕೊಳ್ಳುವುದಿಲ್ಲ.

ಇದು ತಪ್ಪೆ? ತಪ್ಪಲ್ಲ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಬಾಗಿಲೆಂದರೆ ಸಾಮಾನ್ಯವಾಗಿ ಮುಚ್ಚುವುದೇ ಎಂದು ಇಟ್ಟುಕೊಂಡಂತೆ ಇದೂ ಒಂದು ಅಧ್ಯಾಹಾರ. ಆದರೆ ಒಂದು ಚದರ ಸೆಂಟಿಮೀಟರಿನ ತೂತಿನ ಮೂಲಕ, ಅಷ್ಟು ಕಡಮೆ ಒತ್ತಡದಲ್ಲಿ, ಸಾರಜನಕವು ಸೆಕೆಂಡಿಗೆ 11.8 ಲೀಟರಿನಂತೆ ಹಾಯ್ದರೆ ಹಗುರವಾದ ಜಲಜನಕವು 44 ಲೀಟರಿನಂತೆ ಹಾಯುತ್ತದೆ. ಸೆರ್ನ್‌ನಲ್ಲಿ ನೆಲದಡಿ 27 ಕಿಲೋಮೀಟರು ಸುತ್ತಳತೆಯ ಯಂತ್ರವೊಂದಿದೆ. ಅದರ ಮುಖ್ಯ ಆಯಸ್ಕಾಂತಗಳನ್ನು ಸೊನ್ನೆಗಿಂತ 271 ಡಿಗ್ರಿ ಕೆಳಗೆ ತಣಿಸುತ್ತಾರೆ. ಅಷ್ಟು ತಣ್ಣನೆಯ ಗೋಡೆಗೆ ಬಡಿದ ಸಾರಜನಕ ಅಲ್ಲಿಯೇ ಅಂಟಿಬಿಡುತ್ತದೆ. ಅಂಥ ಕಡೆ 20 ಡಿಗ್ರಿಯನ್ನೂ ಅಂಟದ ಗೋಡೆಯನ್ನೂ ಹಾಗೆಯೇ ಬಿಟ್ಟರೆ, ಅತಿಥಿ ಬಂದಾಗ ಬಾಗಿಲು ಮುಚ್ಚಿದಂತಾಗುತ್ತದೆ.

ಈಗ ನನ್ನ ವಿದ್ಯಾರ್ಥಿಯ ಕಥೆಗೆ ಬರುತ್ತೇನೆ. ಅವನು ಬಳಸಿದ್ದು ಬೇರೊಂದು ಸಾಫ್ಟ್‌ವೇರ್. ಪಾತ್ರೆ 100 ಲೀಟರಿನದು. ಒಳಗಿನ ತಟ್ಟೆಗಳೂ ಕಂಬಿಗಳೂ ಸೇರಿ ಒಳಮೈ 20,000 ಚದರ ಸೆಂಟಿಮೀಟರು. ಪಂಪು ಸೆಕೆಂಡಿಗೆ 100 ಲೀಟರಿನದು. ಒಂದು ಗಂಟೆಯಲ್ಲಿ ಒತ್ತಡವು ಮಿಲಿಬಾರಿನ 10 ಕೋಟಿಯಲ್ಲಿ 6 ಭಾಗಕ್ಕೆ ಇಳಿಯಬೇಕೆಂದು ಕರಾರು. ಇಳಿಯುತ್ತದೆಂದು ಲೆಕ್ಕ ಹೇಳಿತು. ಪರೀಕ್ಷೆಯ ದಿನ ಕೊಳ್ಳುವವರ ಕಡೆಯವರು ಬಂದು ನಿಂತರು. ಗಂಟೆ ಕಳೆದಾಗ ಮಾಪಕವು ಅದರ ಹತ್ತರಷ್ಟು ಒತ್ತಡವನ್ನು ತೋರಿಸುತ್ತಿತ್ತು.

"ಲೆಕ್ಕ ಸರಿಯಾಗಿದೆ, ಬೆಸುಗೆ ಸೋರುತ್ತಿದೆ" ಎಂದು ನನ್ನ ವಿದ್ಯಾರ್ಥಿ ಎಲ್ಲರ ಎದುರಿಗೆ ಹೇಳಿದನು. ಬೆಸುಗೆ ಹಾಕಿದವರು ಅವನ ತಂದೆಯ ವಯಸ್ಸಿನವರು. ಅವರು ಏನೂ ಹೇಳದೆ ಮರುದಿನ ಪಾತ್ರೆಯನ್ನು ತೆರೆದು ಒಂದೊಂದು ಬೆಸುಗೆಯನ್ನೂ ನೋಡಿದರು. ಪುನಃ ಮುಚ್ಚಿ ಪಂಪು ಹಾಕಿದರೆ ಅದೇ ಅಂಕೆ. ಮೂರನೆಯ ದಿನ ಮತ್ತೆ ತೆರೆದರು, ಮತ್ತೆ ಅದೇ ಅಂಕೆ. ಹೀಲಿಯಂ ಅನಿಲವನ್ನು ಹೊರಗಿನಿಂದ ಊದಿ ಒಳಗೆ ಬರುವುದೇ ಎಂದು ಕಂಡುಹಿಡಿಯುವ ಯಂತ್ರವನ್ನು ತರಿಸಿದರು. ಎಲ್ಲಿಯೂ ಸೋರಿಕೆಯಿರಲಿಲ್ಲ.

ಆ ರಾತ್ರಿ ಪಂಪನ್ನು ನಿಲ್ಲಿಸದೆ ಬಿಟ್ಟಿದ್ದರು. ಹತ್ತು ಗಂಟೆ ಕಳೆದು ಬೆಳಗ್ಗೆ ನೋಡಿದರೆ ಒತ್ತಡ ಕರಾರಿನ ಅಂಕೆಗೆ ಇಳಿದಿತ್ತು. ಸೋರಿಕೆಯಿದ್ದರೆ ಒತ್ತಡ ಒಂದೆಡೆ ನಿಂತುಬಿಡಬೇಕು. ಇದು ಹೊತ್ತು ಹೋದಂತೆ ಇಳಿಯುತ್ತಲೇ ಇತ್ತು. ಇದು ನೀರಿನ ಗುಣ. ಹೊರಗಿನ ಗಾಳಿಯ ತೇವವು ಉಕ್ಕಿನ ಮೈಗೆ ಕಣ್ಣಿಗೆ ಕಾಣದಂತೆ ಅಂಟಿಕೊಂಡಿದ್ದು, ನಿರ್ವಾತದಲ್ಲಿ ಮೆಲ್ಲಮೆಲ್ಲನೆ ಬಿಡುತ್ತದೆ. ಸೋರಿಕೆ ಹುಡುಕಲೆಂದು ತೆರೆದಾಗಲೆಲ್ಲ ಮಳೆಗಾಲದ ಗಾಳಿ ಒಳಹೊಕ್ಕು, ಗಡಿಯಾರ ಮೊದಲಿನಿಂದ ಓಡಿದಂತಾಗಿತ್ತು.

ಅವನು ಹೋಗಿ ಲೆಕ್ಕವನ್ನು ಬಿಚ್ಚಿ ನೋಡಿದನು. ಗೋಡೆಯ ಮನೆಯಲ್ಲಿ 150 ಡಿಗ್ರಿಯಲ್ಲಿ ಒಂದು ದಿನ ಕಾಯಿಸಿದ ಉಕ್ಕಿನ ಬೆಲೆ ಮೊದಲೇ ತುಂಬಿತ್ತು. ಇವರ ಪಾತ್ರೆ ತೊಳೆದು ಒರಸಿದ್ದೇ ಹೊರತು ಕಾಯಿಸಿದ್ದಲ್ಲ. ಕಾಯಿಸದ ಲೋಹವು ಒಂದು ಗಂಟೆಯ ನಂತರ ಒಂದು ಚದರ ಸೆಂಟಿಮೀಟರಿನಿಂದ ಬಿಡುವ ಅನಿಲ, ಕಾಯಿಸಿದ ಉಕ್ಕು ಬಿಡುವುದರ ಸುಮಾರು ಸಾವಿರದಷ್ಟು. ಯಾರೂ ಸುಳ್ಳು ಬರೆದಿರಲಿಲ್ಲ. ಬರೆಯದೆ ಬಿಟ್ಟ ಕಡೆ ಯಂತ್ರ ತನಗೆ ತೋಚಿದ್ದನ್ನು ಹೇಳಿತ್ತು, ಅಷ್ಟೆ.

ಹಾಗಾದರೆ ಯಾವ ಮನೆಗಳನ್ನು ನೋಡಬೇಕು? ಅವನೂ ನಾನೂ ಕುಳಿತು ಐದನ್ನು ಪಟ್ಟಿ ಮಾಡಿದೆವು. ಮೊದಲನೆಯದು ಮಾನ. ಮಿಲಿಬಾರಿನ ಕಡೆ ಪಾಸ್ಕಲ್ ಬಿದ್ದರೆ ನೂರು ಪಟ್ಟು ವ್ಯತ್ಯಾಸವಾಗಿ ಕೂಡಲೆ ಕಣ್ಣಿಗೆ ಬೀಳುತ್ತದೆ. ಟಾರ್ ಬಿದ್ದರೆ 1.33ರಷ್ಟೇ ವ್ಯತ್ಯಾಸ, ಇದೇ ಹೆಚ್ಚು ಮೋಸ, ಏಕೆಂದರೆ ಯಾರಿಗೂ ಸಂದೇಹ ಬರುವುದಿಲ್ಲ. ಮಾನಗಳ ಗೊಂದಲದಿಂದಲೇ 1999ರಲ್ಲಿ ಅಮೆರಿಕದ ನೌಕೆಯೊಂದು ಮಂಗಳ ಗ್ರಹದ ಬಳಿ ನಷ್ಟವಾಯಿತು. ಎರಡನೆಯದು ಆರಂಭದ ಒತ್ತಡ. ಯಂತ್ರವು ಸಮುದ್ರಮಟ್ಟದ 1013 ಮಿಲಿಬಾರನ್ನು ಹಿಡಿಯುತ್ತದೆ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು 910. ಮೂರನೆಯದು ಅನಿಲವೂ ಉಷ್ಣತೆಯೂ. ನಾಲ್ಕನೆಯದು ಪಂಪು. ಅದರ ಮೇಲೆ ಕೊರೆದ 100 ಲೀಟರು ಪಾತ್ರೆಯ ಬಾಯಲ್ಲಿಯೂ ಸಿಕ್ಕುವುದೆಂದು ತಿಳಿಯಬಾರದು. ನಡುವೆ 4 ಸೆಂಟಿಮೀಟರು ಅಗಲದ, 50 ಸೆಂಟಿಮೀಟರು ಉದ್ದದ ಕೊಳವೆಯಿದ್ದರೆ ಸಿಕ್ಕುವುದು ಸುಮಾರು 12 ಲೀಟರು ಮಾತ್ರ. ಐದನೆಯದು ಗೋಡೆ: ಯಾವ ಲೋಹ, ಹೇಗೆ ತೊಳೆದದ್ದು, ಕಾಯಿಸಿದ್ದೋ ಇಲ್ಲವೋ.

ಈ ಐದೂ ಒಂದೇ ತೂಕದವಲ್ಲ. ಆರಂಭದ ಒತ್ತಡವನ್ನು ತಿದ್ದಿದರೆ ಆ ಪಾತ್ರೆಯ ಲೆಕ್ಕದಲ್ಲಿ ಆಗುವ ವ್ಯತ್ಯಾಸ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ! ಅದನ್ನು ಹಾಗೆಯೇ ಬಿಡಬಹುದು. ಗೋಡೆಯೇನೂ ಅನಿಲ ಬಿಡುವುದಿಲ್ಲವೆಂದೂ ಪಂಪು ಎಲ್ಲ ಒತ್ತಡಗಳಲ್ಲಿಯೂ ಒಂದೇ ಸಮನೆ ಎಳೆಯುವುದೆಂದೂ ಇಟ್ಟುಕೊಂಡರೆ, ಆ ಪಾತ್ರೆ ಕರಾರಿನ ಒತ್ತಡಕ್ಕೆ ಇಳಿಯಲು 24 ಸೆಕೆಂಡು ಸಾಕೆಂದು ಸೂತ್ರ ಹೇಳುತ್ತದೆ. ನಿಜವಾಗಿ ಹಿಡಿದದ್ದು ಹತ್ತು ಗಂಟೆ. ಆದುದರಿಂದ ಒಂದೊಂದು ಬೆಲೆಯನ್ನು ಬೇರೆಬೇರೆಯಾಗಿ ಬದಲಾಯಿಸಿ, ಯಾವುದರಿಂದ ಉತ್ತರ ಅಲುಗುವುದೆಂದು ನೋಡಬೇಕು. ಅಲುಗಿಸುವ ಬೆಲೆಗಳನ್ನು ತನ್ನ ಪಾತ್ರೆಗೆ ತಕ್ಕಂತೆ ತಾನೇ ತುಂಬಿ, ಬೇರೆ ಹೆಸರಿನಿಂದ ಉಳಿಸಿಟ್ಟುಕೊಳ್ಳಬೇಕು. ಹೀಗೆ ತಿದ್ದಿದ್ದು ಹೊಸ ಲೆಕ್ಕಗಳಿಗೆ ಮಾತ್ರ ತಗಲುವುದೋ ಹಳೆಯವಕ್ಕೂ ತಗಲುವುದೋ ಎಂಬುದನ್ನು ಪರೀಕ್ಷಿಸಬೇಕು. ವರದಿಯ ಮೊದಲ ಹಾಳೆಯಲ್ಲಿಯೇ "ಇಷ್ಟನ್ನು ನಾನು ಹೇಳಿದ್ದು, ಇಷ್ಟನ್ನು ಯಂತ್ರ ತುಂಬಿಕೊಂಡದ್ದು" ಎಂದು ಬರೆಯಬೇಕು. ಹಳೆಯ ವ್ಯಾಖ್ಯಾನಕಾರರು ತಾವು ಸೇರಿಸಿದ ಪದವನ್ನು ಸೇರಿಸಿದ್ದೆಂದೇ ಹೇಳುತ್ತಿದ್ದರು; ಮೂಲದ ಕವಿಯ ತಲೆಗೆ ಕಟ್ಟುತ್ತಿರಲಿಲ್ಲ.

ಇಷ್ಟಾದ ಮೇಲೆ ನಾನು ಅವನನ್ನು ಕೇಳಿದೆ: "ಎಲ್ಲಾ ಸರಿಯಪ್ಪ, ಆ ಬೆಸುಗೆಯವರ ಹತ್ತಿರ ಹೋಗಿ ಮಾತಾಡಿದೆಯೇನು?"

ಅವನು ತಲೆ ತಗ್ಗಿಸಿದನು. "ಇಲ್ಲ ಮೇಷ್ಟ್ರೇ. ಸೋರಿಕೆ ಇಲ್ಲ ಅಂತ ಅವರಿಗೆ ಗೊತ್ತಾಗಿದೆಯಲ್ಲ."

"ಅವರಿಗೆ ಮೊದಲೇ ಗೊತ್ತಿತ್ತು ಕಣಯ್ಯಾ. ಎಲ್ಲರ ಎದುರಿಗೆ ಆಡಿದ ಮಾತು ಅದು. ಅಧ್ಯಾಹಾರಕ್ಕೆ ಬಿಡಬೇಡ, ಬಾಯಿಬಿಟ್ಟು ಹೇಳು" ಎಂದೆ.

ಹಬ್ಬ ಮುಗಿಸಿ ಹೋದವನು ವಾರದ ಮೇಲೆ ಫೋನು ಮಾಡಿದನು. ಕಾರ್ಖಾನೆಯಲ್ಲಿ ಎಲ್ಲರೂ ಸೇರಿದ್ದಾಗ ತಪ್ಪು ತನ್ನದೆಂದು ಹೇಳಿದನಂತೆ. ಆ ಹಿರಿಯರು ಅದಕ್ಕೆ ಹೆಚ್ಚೇನೂ ಹೇಳಲಿಲ್ಲವಂತೆ. ಮುಂದಿನ ಪಾತ್ರೆಯನ್ನು ಕಾಯಿಸುವುದುಂಟೋ ಇಲ್ಲವೋ, ಮೊದಲೇ ಹೇಳಿಬಿಡಿ ಎಂದು ಕೇಳಿದರಂತೆ. ಆ ಪ್ರಶ್ನೆಯನ್ನು ಈಗ ಅವರ ಕಾರ್ಖಾನೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿದ್ದಾರೆ.